ಮುತ್ಯಾನ ಶೇರ್ವಾನಿ, ಅವ್ವನ ಬೋಗುಣಿ

ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯಲ್ಲಿ ಶುಕ್ರವಾರ ಹಳೇ ಬಟ್ಟೆಯ ಸಂತೆ ಕೂಡುತ್ತದೆ. ಹೋದ ವರ್ಷ ಅಲ್ಲೊಂದು ಹ್ಯಾರಿಸ್ ಟ್ವೀಡ್ ಎಂಬ ದಪ್ಪ ಉಣ್ಣೆ ಬಟ್ಟೆಯ ಕೋಟು ಕಣ್ಣಿಗೆ ಬಿತ್ತು. ಮಾರುವವ ರೇಟು ಹೇಳಲಿಲ್ಲ. ಮೊದಲು ಒಳಜೇಬು ಹೊರಳಿಸಿ ತೋರಿಸಿದ. ಅಲ್ಲೊಂದು ಚೀಟಿ ಹೊಲಿದಿತ್ತು: ಹೊಲಿಸಿಕೊಂಡವನ ಹೆಸರು, ಕೆಳಗೆ ಮಸಿಯಲ್ಲಿ ಮಾರ್ಚ್ 1962. ನಮ್ಮಪ್ಪನಿಗಿಂತ ಎರಡು ವರ್ಷ ಹಿರಿಯ ಕೋಟು! ಅರವತ್ತು ಪೌಂಡ್ ಕೊಟ್ಟು, ಹಾಕಿಕೊಂಡೇ ಮನೆಗೆ ಬಂದು, ಕಲಬುರಗಿಗೆ ವಿಡಿಯೋ ಕಾಲ್ ಹಚ್ಚಿದೆ.

"ಯಾರೋ ಸತ್ತವರ ಕೋಟ್ ಹಾಕ್ಕೊಂಡು ತಿರಗಲತ್ತಿ ಏನೋ? ಮದಲ್ ತೆಗಿ ಅದನ್ನ" ಅಂದಳು ಅವ್ವ.

ತೆಗೆಯಲಿಲ್ಲ. ಆದರೆ ಅವತ್ತು ರಾತ್ರಿಯೆಲ್ಲ ಮುತ್ಯಾನ ಶೇರ್ವಾನಿಯೇ ಕಣ್ಣಮುಂದೆ. 1948ರ ತನಕ ನಮ್ಮದು ನಿಜಾಮನ ಸೀಮೆ. ಕಚೇರಿಗೆ ಓಡಾಡುವವರು ಯಾವ ಜಾತಿಯವರಾದರೂ ಮೈಮೇಲೆ ಶೇರ್ವಾನಿ ಇರುತ್ತಿತ್ತು. ಮುತ್ಯಾ ಆಮೇಲೂ ಅದನ್ನು ಬಿಡಲಿಲ್ಲ, ಶರಣಬಸಪ್ಪನ ಜಾತ್ರೆಗೆ ವರ್ಷಕ್ಕೊಮ್ಮೆ ಟ್ರಂಕಿನಿಂದ ತೆಗೆಯುತ್ತಿದ್ದ. ಕಪ್ಪು ಉಣ್ಣೆ, ಕುತ್ತಿಗೆಯತನಕ ಬಿದ್ರಿ ಗುಂಡಿ. ಬೀದರ ಕೋಟೆಯ ಮಣ್ಣಿನಲ್ಲಿ ಕುದಿಸಿ ಕಪ್ಪಾಗಿಸಿದ ಲೋಹ, ಅದರಲ್ಲಿ ಬೆಳ್ಳಿಯ ಹೂವು. ನಾನು ಪಿಯುಸಿಯಲ್ಲಿದ್ದಾಗ ಅವ್ವ ಅದನ್ನು ಗುಂಡಿ ಸಮೇತ ಬಾಂಡೆ ಮಾರಾಕಿಗೆ ಕೊಟ್ಟು, ಮುಚ್ಚಳವಿರುವ ಒಂದು ಸ್ಟೀಲ್ ಬೋಗುಣಿ ತಗೊಂಡಳು. ಈಗಲೂ ಅದರಲ್ಲೇ ಹಾಲು ಕಾಯುತ್ತದೆ.

ಇಲ್ಲಿಯವರು ಹಳೇ ಕೋಟನ್ನು ಕೊಳ್ಳುವ ರೀತಿ ನೋಡಬೇಕು. ಕೆಳಗಿನ ಗುಂಡಿಯ ಹತ್ತಿರ ಎರಡು ಬೆರಳಲ್ಲಿ ಬಟ್ಟೆ ಚಿವುಟಿ, ತಿಕ್ಕಿ ನೋಡುತ್ತಾರೆ. ಮೇಲಿನ ಬಟ್ಟೆಗೂ ಅಸ್ತರಿಗೂ ನಡುವೆ ಮೂರನೆಯದೊಂದು ಪದರ ಸರಿದಾಡಿದರೆ ಅದು ಕುದುರೆಗೂದಲು ಬೆರೆಸಿ ನೇಯ್ದ ಕ್ಯಾನ್ವಾಸ್, ದಾರದಲ್ಲಿ ಕೂಡಿಸಿದ್ದು. ಸರಿದಾಡದಿದ್ದರೆ ಆ ಪದರವನ್ನು ಬರೀ ಅಂಟಿನಿಂದ ಹಚ್ಚಿದ್ದು. ನಮ್ಮ ಕಾಕಾನ ಮಗ ಮದುವೆಗೆಂದು ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಒಂಬತ್ತು ಸಾವಿರ ಸುರಿದು ಮಿರಿಮಿರಿ ಮಿಂಚುವ ಇಂಡೋ-ವೆಸ್ಟರ್ನ್ ತಂದ. ಎರಡನೇ ಸಲ ಡ್ರೈಕ್ಲೀನಿಗೆ ಹೋಗಿ ಬಂದಾಗ ಅಂಟು ಬಿಟ್ಟು ಎದೆಯ ಮೇಲೆ ಕೆಂಡದ ಮೇಲಿನ ರೊಟ್ಟಿಯ ಹಾಗೆ ಉಬ್ಬಿಕೊಂಡಿತ್ತು. ಮಿಂಚು ನೋಡಿ ತಗೊಂಡರೆ ಇನ್ನೇನಾಗುತ್ತದೆ? ಹ್ಯಾರಿಸ್ ಟ್ವೀಡಿಗೆ ಬ್ರಿಟನ್ನಿನ ಪಾರ್ಲಿಮೆಂಟು 1993ರಲ್ಲಿ ಒಂದು ಕಾಯ್ದೆಯನ್ನೇ ಮಾಡಿತು: ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪದವರು ತಮ್ಮ ಮನೆಯಲ್ಲೇ ಕೈಯಿಂದ ನೇಯ್ದದ್ದಾದರೆ ಮಾತ್ರ ಆ ಹೆಸರು. ಕಂಬಳಿ ನೇಯುವ ನಮ್ಮ ಕುರುಬರಿಗೆ ಕಾಯ್ದೆ ಹಾಳಾಗಲಿ, ಕೊಳ್ಳುವವರು ಸಿಕ್ಕರೆ ಸಾಕಾಗಿದೆ.

ಒಂದು ಮಾತು ಒಪ್ಪಬೇಕು. ಮೇ ತಿಂಗಳ ಕಲಬುರಗಿಯಲ್ಲಿ ಕಪ್ಪು ಉಣ್ಣೆ ಹಾಕಿಕೊಂಡು ನಡೆದರೆ ಆಸ್ಪತ್ರೆಗೇ. ಇನ್ನೊಂದು, ಕೋಟಿನ ತೋಳಿಗೆ ನುಸಿ ಹಿಡಿದು ತೂತಾದಾಗ ಲಂಡನ್ನಿನಲ್ಲಿ ರಫೂ ಮಾಡಲು ಕೋಟಿನಷ್ಟೇ ಹಣ ಕೇಳಿದರು. ಡಿಸೆಂಬರಿನಲ್ಲಿ ಊರಿಗೆ ಒಯ್ದೆ. ದರ್ಗಾದ ಕಡೆ ಒಬ್ಬ ಮುದುಕರು ಒಳಹೊಲಿಗೆಯಿಂದಲೇ ಎಳೆ ಹಿರಿದು, ಕೂತಲ್ಲೇ ಮುಚ್ಚಿಕೊಟ್ಟರು, ನೂರೈವತ್ತು ರೂಪಾಯಿ. ಈಗ ಆ ತೂತು ಎಲ್ಲಿತ್ತೆಂದು ನನಗೇ ಸಿಗುತ್ತಿಲ್ಲ.

ಅದೇ ರಾತ್ರಿ ಥಂಡಿಗೆ ಅವ್ವ ಹಳೇ ಕೌದಿ ಹೊದಿಸಿದಳು. ನಿದ್ದೆಗಣ್ಣಲ್ಲಿ ಕೈ ಒಂದು ಜೇಬಿನೊಳಗೆ ಹೋಯಿತು. ಕೌದಿಗೆ ಜೇಬು?

"ಮುತ್ಯಾನ ಶೇರ್ವಾನಿ ಅಸ್ತರ್ ಅದು. ಚಲೋ ಇತ್ತು, ಕೊಡೋ ಮುಂದ ಬಿಚ್ಚಿ ಇಟ್ಕೊಂಡೆ. ಬಾಂಡೆದಾಕಿ ಒಳಗ ಎಲ್ಲಿ ನೋಡ್ತಾಳ?"

ಎದ್ದು ಲೈಟು ಹಾಕಿ ಜೇಬು ಹೊರಳಿಸಿದೆ. ಚೀಟಿ ಇರಲಿಲ್ಲ. ಅವ್ವನ ಅಮೃತಾಂಜನದ ಡಬ್ಬಿ ಇತ್ತು.