ಐದು ಪಿನ್ನಿನ ವೈರು

ಮಂಡ್ಯದ ಕಡೆ ಪೌರಾಣಿಕ ನಾಟಕ ಆಡಿಸುವವರಿಗೆ ಗೊತ್ತು, ಇಡೀ ರಾತ್ರಿ ಯಾರ ಕಣ್ಣಿಗೂ ಬೀಳದೆ ದುಡಿಯುವವನು ಪರದೆ ಮರೆಯ ಪ್ರಾಂಪ್ಟರ್. ಅವನು ಹಾಡುವುದಿಲ್ಲ, ಗದೆ ಹೊರುವುದಿಲ್ಲ, ಕಿರೀಟವಂತೂ ಇಲ್ಲವೇ ಇಲ್ಲ. ಯಾವ ಪದ್ಯ, ಯಾವಾಗ ಶುರು, ಎಲ್ಲಿಗೆ ಸಾಕು ಎಂದಷ್ಟೇ ಪಿಸುಗುಟ್ಟುತ್ತಾನೆ. ಗಂಟಲು ದುರ್ಯೋಧನನದ್ದು. ಕಂಪ್ಯೂಟರನ್ನೂ ಸಿಂಥನ್ನೂ (ಸಿಂಥಸೈಜರ್, ನಾದ ಹುಟ್ಟಿಸುವ ಎಲೆಕ್ಟ್ರಾನಿಕ್ ಕೀಬೋರ್ಡ್) ಜೋಡಿಸುವ ಮಿಡಿ ವೈರಿನ ಕೆಲಸವೂ ಇಷ್ಟೇ. ಯಾವ ಮನೆ (ಕೀಲಿ) ಒತ್ತಿದ್ದು, ಎಷ್ಟು ಬಲವಾಗಿ, ಯಾವಾಗ ಬಿಟ್ಟದ್ದು ಎಂಬ ಸುದ್ದಿಯನ್ನು ಕಂಪ್ಯೂಟರಿನಿಂದ ಸಿಂಥ್‌ಗೋ ಸಿಂಥ್‌ನಿಂದ ಕಂಪ್ಯೂಟರಿಗೋ ಮುಟ್ಟಿಸುತ್ತದೆ. ನಾದ ಅದರಲ್ಲಿ ಒಂದು ಚೂರೂ ಹರಿಯುವುದಿಲ್ಲ.

ಆದ್ದರಿಂದಲೇ ಆರ್ಕೆಸ್ಟ್ರಾ ಹುಡುಗರ ಮೊದಲ ದೂರು ಯಾವಾಗಲೂ ಒಂದೇ: "ವೈರೂ ಹಾಕಿದೀನಿ, ಲೈಟೂ ಮಿಣುಕ್ತದೆ, ಸೌಂಡೇ ಬತ್ತಿಲ್ಲ ಕಣಣ್ಣ." ಬರುವುದೂ ಇಲ್ಲ. ಸೌಂಡಿಗೆ ಬೇರೆ ಕೇಬಲ್ ಬೇಕು. ಸಿಂಥ್ ಬೆನ್ನಿನ ಔಟ್‌ಪುಟ್‌ನಿಂದ 6.35 ಮಿ.ಮೀ. ಜ್ಯಾಕಿನ ಎರಡು ಕೇಬಲ್ ಹೊರಟು, ನಾದವನ್ನು ಕಂಪ್ಯೂಟರಿಗೆ ಮುಟ್ಟಿಸುವ ಪೆಟ್ಟಿಗೆಯಾದ ಆಡಿಯೊ ಇಂಟರ್‌ಫೇಸಿನ ಲೈನ್ ಇನ್‌ಪುಟ್ ಸೇರಬೇಕು. ಕೈಯಲ್ಲಿ ಒಂದೇ ಕೇಬಲ್ ಇದ್ದರೆ ‘ಎಲ್/ಮೋನೊ’ ಎಂದು ಬರೆದ ಕಡೆಗೇ ಹಾಕಿ. ಬಲಗಡೆಯದಕ್ಕೆ ಮಾತ್ರ ಸಿಕ್ಕಿಸಿದರೆ ಅರ್ಧ ಸಂಗೀತ ಒಳಗೇ ಉಳಿಯುತ್ತದೆ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಸಿಕ್ಕಿಸುವ ಆಸೆಯನ್ನು ಬಿಟ್ಟುಬಿಡುವುದು ಒಳ್ಳೆಯದು. ಆ ತೂತು ಮೈಕಿನ ಸಣ್ಣ ಸಿಗ್ನಲ್ಲಿಗೆ ಮಾಡಿದ್ದು, ಸಿಂಥ್‌ನ ಲೈನ್ ಮಟ್ಟ ಬಂದರೆ ಒಡೆದ ದನಿಯೇ ಗತಿ.

1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ವಾದ್ಯ ವ್ಯಾಪಾರಿಗಳ ಪ್ರದರ್ಶನದಲ್ಲಿ ಅಮೆರಿಕದ ಸಿಂಥ್ ಪ್ರಾಫೆಟ್-600ನ್ನೂ ಜಪಾನಿನ ರೋಲ್ಯಾಂಡ್ ಜುಪಿಟರ್-6ನ್ನೂ ಒಂದು ವೈರಿನಿಂದ ಜೋಡಿಸಿ ತೋರಿಸಿದರು. ಎದುರಾಳಿ ಕಂಪನಿಗಳ ಎರಡು ಪೆಟ್ಟಿಗೆಗಳು ಪರಸ್ಪರ ಮಾತಾಡಿದವು. ಅದರ ಹಿಂದಿದ್ದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಬಂತು. ಇತಿಹಾಸ ಇಷ್ಟು ಸಾಕು. ನಮಗೆ ಮುಖ್ಯವಾದದ್ದು ಆಗ ನಿಗದಿಯಾದ ವೇಗ: ಸೆಕೆಂಡಿಗೆ 31,250 ಬಿಟ್. 1 ಮೆಗಾಹರ್ಟ್ಸನ್ನು 32ರಿಂದ ಭಾಗಿಸಿದರೆ ಸಿಗುವ ಸಂಖ್ಯೆ, ಅಂದಿನ ಅಗ್ಗದ ಚಿಪ್ಪುಗಳಿಗೆ ಅನುಕೂಲ. ಒಂದು ಬೈಟ್ ದಾಟಲು 320 ಮೈಕ್ರೊಸೆಕೆಂಡ್. ಒಂದು ಸ್ವರ ಶುರುವಾಗಲು 3 ಬೈಟ್, ಅಂದರೆ ಹೆಚ್ಚುಕಮ್ಮಿ 1 ಮಿಲಿಸೆಕೆಂಡ್. ಹತ್ತೂ ಬೆರಳು ಒಟ್ಟಿಗೆ ಬಿದ್ದರೆ ಹತ್ತನೆಯದು ಒಂಬತ್ತು ಮಿಲಿಸೆಕೆಂಡ್ ತಡ. ಇವತ್ತಿನ ಕಣ್ಣಿಗೆ ಇದು ಎತ್ತಿನಗಾಡಿ ಅನ್ನಿಸಿದರೂ ಬೆರಳು ಇದಕ್ಕಿಂತ ವೇಗವಾಗಿ ಓಡುವುದಿಲ್ಲವಲ್ಲ!

ಈ ವೈರಿನ ತಲೆಯಲ್ಲಿ ಐದು ಪಿನ್ನು. ಕೆಲಸ ಮಾಡುವುದು ಎರಡು, 4 ಮತ್ತು 5. ನಡುವಿನ 2ನೆಯದು ಕವಚಕ್ಕೆ. 1 ಮತ್ತು 3 ಬಿಟ್ಟಿ ಕೂಲಿಗಳು. ಪಿನ್ನುಗಳನ್ನು ಎಣಿಸುವ ಕ್ರಮ ಮಾತ್ರ ವಿಚಿತ್ರ. ಅರ್ಧಚಂದ್ರಾಕಾರವಾಗಿ ಒಂದು ತುದಿಯಿಂದ ಇನ್ನೊಂದಕ್ಕೆ ಹೋದರೆ 1, 4, 2, 5, 3. ಹಾಗಾಗಿ ಬೆಸುಗೆ ಹಾಕುವಾಗ ನಡುವಿನ ಪಿನ್ನಿನ ಅಕ್ಕಪಕ್ಕದ ಎರಡನ್ನು ಹಿಡಿದರೆ ತಪ್ಪುವುದಿಲ್ಲ. ಎರಡೂ ತುದಿಯಲ್ಲಿ 4ಕ್ಕೆ 4, 5ಕ್ಕೆ 5. ಅದಲುಬದಲಾದರೆ ಏನೂ ಸುಡುವುದಿಲ್ಲ, ಏನೂ ಕೇಳಿಸುವುದೂ ಇಲ್ಲ. ಸಂತೇಪೇಟೆಯಲ್ಲೋ ಗುಜರಿಯಲ್ಲೋ ಇದೇ ಆಕಾರದ ಕೇಬಲ್ ಸಿಕ್ಕರೆ ಹಿಗ್ಗುವ ಮುನ್ನ ಮಲ್ಟಿಮೀಟರ್ ಹಿಡಿಯಿರಿ. ಹಳೆಯ ಟೇಪ್ ರೆಕಾರ್ಡರಿಗೂ ಹಳೆಯ ಕಂಪ್ಯೂಟರ್ ಕೀಬೋರ್ಡಿಗೂ ಇದೇ ಐದು ಪಿನ್ನಿನ ತಲೆ ಇತ್ತು. ಒಳಗಿನ ಎಳೆಗಳು ಎಲ್ಲಿಂದ ಎಲ್ಲಿಗೆ ಹೋಗಿವೆ ಎಂಬುದು ತಲೆ ನೋಡಿದರೆ ತಿಳಿಯದು. ಉದ್ದ 15 ಮೀಟರ್ ಮೀರಬಾರದು. ಗಣೇಶನ ಪೆಂಡಾಲಿನ ಈ ತುದಿಯಿಂದ ಆ ತುದಿಗೆ ಎಳೆಯುವ ಕೇಬಲ್ ಅಲ್ಲ ಇದು.

ಸಿಂಥ್‌ನಿಂದ ಸುದ್ದಿ ಹೊರಡುವ ತೂತು, ಅಂದರೆ ಮಿಡಿ ಔಟ್, ಜೀವಂತವಾಗಿದೆಯೇ ಎಂದು ನೋಡಲು ಸಾಫ್ಟ್‌ವೇರ್ ಬೇಡ, ಎರಡು ರೂಪಾಯಿಯ ಕೆಂಪು ಎಲ್‌ಇಡಿ ಸಾಕು. ಉದ್ದ ಕಾಲು 4ಕ್ಕೆ, ಗಿಡ್ಡ ಕಾಲು 5ಕ್ಕೆ. ರೆಸಿಸ್ಟರ್ ಸಿಂಥ್ ಒಳಗೇ ಇದೆ, ಎರಡೂ ಎಳೆಗೆ 220 ಓಮ್. ಮನೆ ಒತ್ತಿದಾಗ ಎಲ್‌ಇಡಿ ಮಿಣುಕಿದರೆ ಔಟ್ ಸರಿ. ಏನೂ ಒತ್ತದಿದ್ದರೂ ಮಂಕಾಗಿ ಮಿಣುಕುತ್ತಿದ್ದರೆ ಗಾಬರಿ ಬೇಡ. ಯಮಹಾ ಡಿಎಕ್ಸ್7ನಂಥವು ಸೆಕೆಂಡಿಗೆ ಹಲವು ಸಲ ‘ಇದ್ದೇನೆ, ಇದ್ದೇನೆ’ ಎನ್ನುತ್ತಲೇ ಇರುತ್ತವೆ. ಅದಕ್ಕೆ ಆಕ್ಟಿವ್ ಸೆನ್ಸಿಂಗ್ ಎಂದು ಹೆಸರು. ಹಾಗೆ ಹೇಳುತ್ತಿದ್ದುದು ನಿಂತರೆ, ಅದನ್ನು ಗಮನಿಸುವ ವಾದ್ಯ ಯಾರೋ ವೈರು ಕಿತ್ತರೆಂದು ತಿಳಿದು ಬಾಯಿ ಮುಚ್ಚುತ್ತದೆ. ಇಲ್ಲವಾದರೆ ಒತ್ತಿದ ಸ್ವರದ ‘ಬಿಟ್ಟೆ’ ಎಂಬ ಸುದ್ದಿ ಬಾರದೆ ಆ ಸ್ವರ ಕರೆಂಟ್ ಹೋಗುವವರೆಗೂ ಕೂಗುತ್ತಿರುತ್ತದೆ.

ಮಿಡಿ ಇನ್ ಕಡೆಗೂ ಒಂದು ಎಲ್‌ಇಡಿ ಇದೆ, ಆದರೆ ಆಪ್ಟೊಕಪ್ಲರ್ ಎಂಬ ಚಿಪ್ಪಿನೊಳಗೆ, ಯಾರಿಗೂ ಕಾಣದಂತೆ. ಬಂದ ಕರೆಂಟು, ಸುಮಾರು 5 ಮಿಲಿಆಂಪ್, ಅದನ್ನು ಬೆಳಗಿಸುತ್ತದೆ. ಎದುರಿನ ಬೆಳಕಿನ ಸೆನ್ಸರ್ ಅದನ್ನು ಓದುತ್ತದೆ. ಹೀಗೆ ಕಂಪ್ಯೂಟರಿಗೂ ಸಿಂಥ್‌ಗೂ ನಡುವೆ ಬೆಳಕು ದಾಟುತ್ತದೆಯೇ ಹೊರತು ವಿದ್ಯುತ್ತಲ್ಲ. ಒಂದರ ಅರ್ಥ್ ದೋಷ ಇನ್ನೊಂದಕ್ಕೆ ಅಂಟುವುದಿಲ್ಲ. 40 ವರ್ಷದ ಹಿಂದೆ ಇಷ್ಟು ಮುಂದಾಲೋಚನೆ ಮಾಡಿದವರಿಗೆ ನಮಸ್ಕಾರ. ಕಂಪ್ಯೂಟರಿನ ಯುಎಸ್‌ಬಿ ತೂತಿಗೆ ಸಿಂಥನ್ನು ಜೋಡಿಸುವ ಯುಎಸ್‌ಬಿ-ಮಿಡಿ ಕೇಬಲನ್ನು ತೀರಾ ಅಗ್ಗವಾಗಿ ಮಾಡುವವರಲ್ಲಿ ಕೆಲವರು ಈ ಚಿಪ್ಪನ್ನೇ ಹಾಕದೆ ಖರ್ಚು ಉಳಿಸಿಬಿಡುತ್ತಾರೆ. ಆಗ ಸ್ವರಗಳು ಉದುರುವುದೂ ಸಿಕ್ಕಿಕೊಳ್ಳುವುದೂ ಶುರು.

ಯುಎಸ್‌ಬಿ ಕೇಬಲಿನ ಎರಡು ಮಿಡಿ ತಲೆಗಳ ಮೇಲೆ ‘ಇನ್’, ‘ಔಟ್’ ಎಂದು ಬರೆದಿರುವುದು ಜಗಳ ಹಚ್ಚಲಿಕ್ಕೇ ಇರಬೇಕು. ಕೆಲವರ ‘ಇನ್’ ಅಂದರೆ ಸಿಂಥ್‌ನ ಇನ್‌ಗೆ ಹಾಕು ಎಂದು, ಇನ್ನು ಕೆಲವರದ್ದು ಇದೇ ಕಂಪ್ಯೂಟರಿನ ಇನ್, ಆದ್ದರಿಂದ ಸಿಂಥ್‌ನ ಔಟ್‌ಗೆ ಹಾಕು ಎಂದು. ವಾದ ಬೇಡ. ಒಂದು ಸಲ ಹಾಕಿ, ಬಾರದಿದ್ದರೆ ಅದಲುಬದಲು ಮಾಡಿ. ಔಟ್‌ಗೆ ಔಟ್ ಸೇರಿದರೂ ಹಾನಿಯಿಲ್ಲ. ಸರಿಹೋದ ಮೇಲೆ ಎರಡಕ್ಕೂ ಬಣ್ಣದ ಟೇಪ್ ಸುತ್ತಿ.

ವೈರು ಸರಿ, ದಿಕ್ಕು ಸರಿ, ಆದರೂ ಮೌನವೇ? 90ರ ದಶಕದ ಕೀಬೋರ್ಡುಗಳ ಬೆನ್ನಿಗೆ ಹೋಗಿ. ‘ಟು ಹೋಸ್ಟ್’ ಎಂಬ ಸಣ್ಣ ದುಂಡು ತೂತೂ ಅದರ ಪಕ್ಕ ಮಿಡಿ, ಪಿಸಿ-1, ಪಿಸಿ-2, ಮ್ಯಾಕ್ ಎಂದು ಬರೆದ ಜಾರುವ ಸ್ವಿಚ್ಚೂ ಇದ್ದರೆ, ಅದು ‘ಮಿಡಿ’ಯ ಮೇಲೇ ಇರಬೇಕು. ಬೇರೆ ಕಡೆ ಇದ್ದರೆ ಐದು ಪಿನ್ನಿನ ತೂತುಗಳು ಬರೀ ಅಲಂಕಾರ. ಧೂಳು ಒರೆಸುವಾಗ ಬಟ್ಟೆ ತಾಗಿ ಜಾರುವುದಕ್ಕೂ ಅದು ಹೇಳಿಮಾಡಿಸಿದ ಜಾಗ. ಆಮೇಲೆ ಚಾನೆಲ್. 16 ಇವೆ. ಕಂಪ್ಯೂಟರ್ 3ರಲ್ಲಿ ಕಳಿಸಿ ಸಿಂಥ್ 1ರಲ್ಲಿ ಕಿವಿಗೊಟ್ಟಿದ್ದರೆ ಕೇಳಿಸುವುದಿಲ್ಲ. ಮೊದಲ ಡಿಎಕ್ಸ್7 ಕಳಿಸುವುದು 1ರಲ್ಲಿ ಮಾತ್ರ, ಬದಲಿಸಲು ದಾರಿಯಿಲ್ಲ.

ಇನ್ನು ಡಬಲ್ ಸೌಂಡಿನ ಕಾಟ. ಒಂದು ಮನೆ ಒತ್ತಿದರೆ ಎರಡು ಸಲ ನುಡಿದಂತೆ, ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ, ನಾಲ್ಕು ಸ್ವರ ಹಿಡಿಯುವಷ್ಟರಲ್ಲಿ ಹಳೆಯವು ಕತ್ತರಿಸಿ ಹೋಗುತ್ತವೆ. ಕಾರಣ: ಕೀಲಿ ಒತ್ತಿದೊಡನೆ ಸಿಂಥ್ ತಾನೇ ನುಡಿಯುತ್ತದೆ, ಅದೇ ಸುದ್ದಿ ಕಂಪ್ಯೂಟರಿಗೆ ಹೋಗಿ, ಅಲ್ಲಿನ ಟ್ರ್ಯಾಕ್ ಅದನ್ನು ಹಾಗೇ ವಾಪಸ್ ಕಳಿಸಿ, ಕೆಲವು ಮಿಲಿಸೆಕೆಂಡ್ ಬಿಟ್ಟು ಮತ್ತೆ ನುಡಿಯುತ್ತದೆ. ಸಿಂಥ್‌ನಲ್ಲಿ ‘ಲೋಕಲ್ ಆಫ್’ ಮಾಡಿದರೆ ಕೀಲಿಗಳಿಗೂ ಒಳಗಿನ ನಾದಕ್ಕೂ ಸಂಬಂಧ ಕಡಿಯುತ್ತದೆ, ಸುದ್ದಿ ಕಂಪ್ಯೂಟರ್ ಸುತ್ತಿ ಒಮ್ಮೆ ಮಾತ್ರ ಬರುತ್ತದೆ. ಮೊದಲ ತಲೆಮಾರಿನ ಕೆಲವಕ್ಕೆ ಈ ಸೌಲಭ್ಯವೇ ಇಲ್ಲ. ಆಗ ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಮಾನಿಟರ್ ಆಫ್ ಮಾಡಿ. ಲೋಕಲ್ ಆಫ್ ಮಾಡಿ ಮರೆತು ಕಾರ್ಯಕ್ರಮಕ್ಕೆ ಹೊತ್ತೊಯ್ದರೆ ಸ್ಟೇಜಿನ ಮೇಲೆ ಕೀಲಿ ಸತ್ತಂತಿರುತ್ತದೆ. ಕೀಬೋರ್ಡ್ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಬರುವವುಗಳಲ್ಲಿ ಇಂಥವೂ ಇರುತ್ತವೆ. ಇದರ ತಮ್ಮನಂಥ ಇನ್ನೊಂದು ರೋಗ: ಕೀಬೋರ್ಡಿನ ರಿದಂ ಸ್ಟಾರ್ಟ್ ಒತ್ತಿದರೂ ಹೊರಡುವುದಿಲ್ಲ. ಕ್ಲಾಕ್ ‘ಎಕ್ಸ್‌ಟರ್ನಲ್’ ಆಗಿರುತ್ತದೆ. ಕಂಪ್ಯೂಟರಿನಿಂದ ಪ್ರತಿ ಕ್ವಾರ್ಟರ್ ನೋಟಿಗೆ (ತಾಳದ ಒಂದು ಪೆಟ್ಟಿಗೆ) 24ರಂತೆ ಬರಬೇಕಾದ ಟಿಕ್‌ಗಳಿಗಾಗಿ ಅದು ಕಾದು ಕೂತಿದೆ. ‘ಇಂಟರ್ನಲ್’ ಮಾಡಿ.

ಇಷ್ಟೆಲ್ಲ ದಾಟಿದವರಿಗೆ ನಿಜವಾದ ಪರೀಕ್ಷೆ ಗಮಕದಲ್ಲಿ. ಪಿಯಾನೊ ಕಲಿತ ಮಹಾರಾಜರಿದ್ದ ಊರು ಮೈಸೂರು, ಆದರೂ ಕಿವಿ ಮಾತ್ರ ವೀಣೆ ಶೇಷಣ್ಣನವರ ಕಾಲದ್ದೇ. ತೋಡಿಯ ಗಾಂಧಾರ ಅಲುಗದಿದ್ದರೆ ಯಾರೂ ಒಪ್ಪುವುದಿಲ್ಲ. ಕೀಬೋರ್ಡಿನವರು ಎಡಗೈಯಲ್ಲಿ ಸ್ವರ ಜಾರಿಸುವ ಬೆಂಡ್ ಚಕ್ರ ತಿರುಗಿಸಿ ಅದನ್ನು ಸಾಧಿಸುತ್ತಾರೆ. ಮಿಡಿಯಲ್ಲಿ ಬೆಂಡ್ 0ರಿಂದ 16,383ರವರೆಗಿನ ಸಂಖ್ಯೆ, ನಡು 8,192. ಆದರೆ ಆ ಸಂಖ್ಯೆ ‘ಚಕ್ರ ಎಷ್ಟು ತಿರುಗಿತು’ ಎನ್ನುತ್ತದೆಯೇ ಹೊರತು ‘ಸ್ವರ ಎಷ್ಟು ಜಾರಬೇಕು’ ಎಂದಲ್ಲ. ಅದನ್ನು ತೀರ್ಮಾನಿಸುವುದು ಕೇಳುವ ಸಿಂಥ್. ಒಂದರಲ್ಲಿ ಬೆಂಡ್ ಮಿತಿ 2 ಅರ್ಧಸ್ವರ ಇಟ್ಟು ನುಡಿಸಿದ್ದನ್ನು ಮಿತಿ 12 ಇರುವ ಇನ್ನೊಂದಕ್ಕೆ ಕಳಿಸಿದರೆ ಅದೇ ಗಾಂಧಾರ ಆರು ಪಟ್ಟು ಅಲುಗಿ ಹುಚ್ಚು ಹಿಡಿದಂತಾಗುತ್ತದೆ. ಹೊಸ ವಾದ್ಯಗಳಿಗೆ ಮಿತಿಯನ್ನೂ ವೈರಿನಲ್ಲೇ ಹೇಳಬಹುದು: ಕಂಟ್ರೋಲರ್ (ಹೊಂದಿಕೆ ಬದಲಿಸುವ, ಅಂಕಿ ಹಾಕಿದ ಮಿಡಿ ಸುದ್ದಿ) 101ಕ್ಕೆ 0, 100ಕ್ಕೆ 0, 6ಕ್ಕೆ ಬೇಕಾದ ಅರ್ಧಸ್ವರ, ಕೊನೆಗೆ 101ಕ್ಕೂ 100ಕ್ಕೂ 127 ಕೊಟ್ಟು ಬಾಗಿಲು ಹಾಕುವುದು. ಹಳೆಯವು ಇದನ್ನು ಕೇಳಿಸಿಕೊಳ್ಳುವುದಿಲ್ಲ, ಪ್ಯಾನೆಲಿನಲ್ಲೇ ಇಡಬೇಕು. ಹಾಡಿನ ಫೈಲಿನ ಜೊತೆಗೇ ಬೆಂಡ್ ಮಿತಿಯನ್ನು ಬರೆದಿಡುವ ಅಭ್ಯಾಸ ನಮ್ಮ ಸಂಗೀತಕ್ಕೆ ಬೇರೆಲ್ಲರಿಗಿಂತ ಹೆಚ್ಚು ಅಗತ್ಯ.

ಗಮಕ ವೈರನ್ನೂ ದಣಿಸುತ್ತದೆ. ಒಂದೊಂದು ಬೆಂಡ್ ಸುದ್ದಿಯೂ 3 ಬೈಟ್, ಆ ಲೆಕ್ಕದಲ್ಲಿ ಸೆಕೆಂಡಿಗೆ ಸಾವಿರದಷ್ಟು ಸುದ್ದಿ ಹೋದರೆ ರಸ್ತೆ ತುಂಬಿತು. ಒಂದೇ ಪೋರ್ಟಿನಲ್ಲಿ ಮೂರು ಸಿಂಥ್ ಗಮಕ ಹಾಡುತ್ತಾ ನಾಲ್ಕನೆಯದು ತಬಲಾ ಬಾರಿಸುತ್ತಿದ್ದರೆ ತಾಳ ಕುಂಟುತ್ತದೆ. ತಾಳಕ್ಕೆ ಬೇರೆ ಪೋರ್ಟ್ ಕೊಡಿ. ಬಂದ ಸುದ್ದಿಯನ್ನೇ ಮುಂದಕ್ಕೆ ದಾಟಿಸುವ ‘ಥ್ರೂ’ ತೂತಿನಿಂದ ಒಂದರ ಬಾಲ ಹಿಡಿದು ಇನ್ನೊಂದನ್ನು ಜೋಡಿಸುವುದೂ ಮೂರಕ್ಕೇ ನಿಲ್ಲಲಿ. ಪ್ರತಿ ಆಪ್ಟೊಕಪ್ಲರ್ ದಾಟುವಾಗಲೂ ಸಿಗ್ನಲ್ಲಿನ ಅಂಚು ಸ್ವಲ್ಪ ಸವೆಯುತ್ತದೆ.

ಗುಂಯ್ ಎಂಬ ಹಮ್ಮಿಗೆ ಮಿಡಿಯನ್ನು ಬೈಯಬೇಡಿ. ಅದು ಬರುವುದು ಸಾಮಾನ್ಯವಾಗಿ ಆಡಿಯೊ ಕೇಬಲಿನ ಅರ್ಥ್ ದಾರಿಯಿಂದ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತರೆ ಹಮ್ ನಿಲ್ಲುತ್ತದೆಯೇ ನೋಡಿ. ನಿಂತರೆ ಸಿಂಥ್‌ಗೂ ಇಂಟರ್‌ಫೇಸಿಗೂ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಅರ್ಥ್ ದಾರಿ ಕಡಿಯುವ ಪುಟ್ಟ ಪೆಟ್ಟಿಗೆ) ಇಡಿ. ಕರೆಂಟ್ ಪ್ಲಗ್ಗಿನ ಮೂರನೇ ಪಿನ್ನು, ಅಂದರೆ ಅರ್ಥ್ ಪಿನ್ನು, ಮುರಿಯುವ ಚಿಕಿತ್ಸೆ ಮಾತ್ರ ಬೇಡ. ಜಪಾನಿನಿಂದ ಬಂದ ಸಿಂಥ್ ಆದರೆ ಬೆನ್ನಿನಲ್ಲಿ 100 ವೋಲ್ಟ್ ಎಂದಿರುತ್ತದೆ. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಹೊಗೆಯೇ ಮೊದಲ ಸ್ವರ.

ಇಷ್ಟು ಜೋಡಿಸಿದ ಮೇಲೆ ಮಾಡಲೇಬೇಕಾದ ಕೆಲಸ ಒಂದಿದೆ, ಎಲ್ಲರೂ ಮುಂದೂಡುವುದೂ ಅದನ್ನೇ. ಹಳೆಯ ಸಿಂಥ್‌ಗಳ ಟೋನುಗಳು ಒಳಗಿನ ಸಿಆರ್2032 ಬ್ಯಾಟರಿಯ ದಯೆಯಲ್ಲಿ ಬದುಕಿವೆ. ಡಿಎಕ್ಸ್7ನಲ್ಲಿ ಅದು ಬೋರ್ಡಿಗೇ ಬೆಸೆದಿದೆ. ಅದು ಸತ್ತ ದಿನ ಯಾರೋ ಮೇಷ್ಟ್ರು ವರ್ಷಗಟ್ಟಲೆ ತಿದ್ದಿದ ನಾದಸ್ವರದ ಟೋನ್ ಕಸವಾಗುತ್ತದೆ. ಆದ್ದರಿಂದ ಮೊದಲು, ವಾದ್ಯದ ಸ್ವಂತ ಮಾಹಿತಿಯನ್ನು ಮಿಡಿ ವೈರಿನಲ್ಲೇ ಸಾಗಿಸುವ ಸಿಸ್ಟಂ ಎಕ್ಸ್‌ಕ್ಲೂಸಿವ್ ಮೂಲಕ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ವಿಂಡೋಸ್‌ಗೆ ಮಿಡಿ-ಆಕ್ಸ್, ಮ್ಯಾಕ್‌ಗೆ ಸಿಸೆಕ್ಸ್ ಲೈಬ್ರೇರಿಯನ್ ಎಂಬ ಸಾಫ್ಟ್‌ವೇರ್ ಇವೆ. ಡಿಎಕ್ಸ್7ನಲ್ಲಿ ಫಂಕ್ಷನ್ ಒತ್ತಿ 8ನೇ ಗುಂಡಿಗೆ ಹೋಗಿ. ಮತ್ತೆ ಮತ್ತೆ ಒತ್ತಿದರೆ ‘ಸಿಸ್ ಇನ್ಫೊ’ ಬರುತ್ತದೆ. ಅದನ್ನು ‘ಅವೇಲ್’ ಮಾಡಿದರೆ ಮುಂದಿನ ಒತ್ತಿಗೆ ‘ಮಿಡಿ ಟ್ರಾನ್ಸ್‌ಮಿಟ್?’ ಎಂದು ಕೇಳುತ್ತದೆ. ಯೆಸ್. ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚಿನಲ್ಲಿ 32 ಟೋನುಗಳೂ ಬಂದಿರುತ್ತವೆ. ವಾಪಸ್ ತುಂಬುವಾಗ ಮೆಮೊರಿ ಪ್ರೊಟೆಕ್ಟ್ ಆಫ್ ಇರಬೇಕು, ಇಲ್ಲದಿದ್ದರೆ ಸಿಂಥ್ ಎಲ್ಲ ಕೇಳಿಸಿಕೊಂಡೂ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಅಗ್ಗದ ಯುಎಸ್‌ಬಿ ಕೇಬಲುಗಳು ಮುಗ್ಗರಿಸುವುದೂ ಇಲ್ಲೇ. ಮೂರು ಬೈಟಿನ ಸ್ವರಗಳನ್ನು ಸಲೀಸಾಗಿ ದಾಟಿಸುವ ಅವುಗಳ ಪುಟ್ಟ ಬಫರ್ ಇಷ್ಟು ಉದ್ದದ ಸುದ್ದಿಗೆ ತುಂಬಿ ನಡುವಿನ ಬೈಟುಗಳನ್ನು ಚೆಲ್ಲುತ್ತದೆ, ಯಾವ ದೂರೂ ಹೇಳದೆ. ಉಳಿಸಿದ ಫೈಲಿನ ಅಳತೆ ನೋಡಿ. ಡಿಎಕ್ಸ್7ನ ಪೂರ್ತಿ ಬ್ಯಾಂಕ್ ಸರಿಯಾಗಿ 4104 ಬೈಟ್ ಇರುತ್ತದೆ. ಒಂದು ಕಮ್ಮಿಯಿದ್ದರೂ ಕೇಬಲ್ ಬದಲಿಸಿ ಮತ್ತೆ ಇಳಿಸಿ. 4104 ಕಂಡ ಮೇಲೆ ಬ್ಯಾಟರಿ ಬದಲಿಸಲು ಸ್ಕ್ರೂಡ್ರೈವರ್ ತೆಗೆದುಕೊಳ್ಳಿ.