ಶಾಲು ಸಾಕು, ಲೆಕ್ಕ ಕೊಡಿ

ನಾನಿರುವುದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಗಂಟೆಯಷ್ಟು ಹೋದರೆ ಗ್ಯಾಂಬಿಯರ್ ಎಂಬ ಪುಟ್ಟ ಊರು ಸಿಗುತ್ತದೆ. ಊರಲ್ಲಿ ಹೇಳಿಕೊಳ್ಳುವಂಥದ್ದು ಒಂದೇ, ಕೆನ್ಯನ್ ಕಾಲೇಜು. 1823ರಲ್ಲಿ ಫಿಲ್ಯಾಂಡರ್ ಚೇಸ್ ಎಂಬ ಬಿಷಪ್ ಓಹಾಯೋದ ಕಾಡಿನಿಂದ ಹೊರಟು, ಹಡಗು ಹತ್ತಿ ಇಂಗ್ಲೆಂಡಿಗೆ ಹೋದ. ಅಲ್ಲಿನ ದೊಡ್ಡವರ ಮುಂದೆ ಕೈಯೊಡ್ಡಿ ದುಡ್ಡು ತಂದು ಕಾಲೇಜು ಕಟ್ಟಿದ. ದುಡ್ಡು ಕೊಟ್ಟ ಲಾರ್ಡ್ ಕೆನ್ಯನ್ ಹೆಸರು ಕಾಲೇಜಿಗೆ ಬಂತು. ಲಾರ್ಡ್ ಗ್ಯಾಂಬಿಯರ್ ಹೆಸರು ಊರಿಗೇ ಬಂತು. ಲೇಡಿ ರಾಸ್ ಹೆಸರಲ್ಲಿ ಒಂದು ಸಭಾಂಗಣ ಎದ್ದಿತು.

ಅಮೆರಿಕದಲ್ಲಿ ಇಂಥ ಕಾಲೇಜುಗಳು ನೂರಾರಿವೆ. ಸರಕಾರ ನಡೆಸುವುದಿಲ್ಲ, ಮಾಲೀಕರು ಲಾಭ ಹೊಡೆಯುವಂತಿಲ್ಲ. ಫೀಸು, ದಾನ, ಹಳೆಯ ದಾನದ ಗಳಿಕೆ, ಈ ಮೂರರ ಮೇಲೆ ನಡೆಯುತ್ತವೆ. ಅದಕ್ಕೇ ದಾನಿ ಅಂದರೆ ಅವರಿಗೆ ಪ್ರಾಣ. ಈ ಸ್ವತಂತ್ರ ಕಾಲೇಜುಗಳ ಒಕ್ಕೂಟವೊಂದಿದೆ, ಕೌನ್ಸಿಲ್ ಆಫ್ ಇಂಡಿಪೆಂಡೆಂಟ್ ಕಾಲೇಜಸ್ ಅಂತ. ಕಾಲೇಜು ಅಧ್ಯಕ್ಷರೆಲ್ಲ ಸೇರುವ ಸಭೆಯಲ್ಲಿ ದಾನಿಗಳಿಗೆ ಪ್ರಶಸ್ತಿ ಕೊಟ್ಟು ಗೌರವಿಸುತ್ತದೆ. ಊಟ, ಭಾಷಣ, ಚಪ್ಪಾಳೆ. ನಮ್ಮಲ್ಲಿನ ಸನ್ಮಾನಕ್ಕೂ ಅದಕ್ಕೂ ನೋಡೋಕೆ ಜಾಸ್ತಿ ವ್ಯತ್ಯಾಸವಿಲ್ಲ, ಮೈಸೂರು ಪೇಟ ಒಂದಿಲ್ಲ ಅಷ್ಟೆ. ವ್ಯತ್ಯಾಸ ಇರುವುದು ಚಪ್ಪಾಳೆ ಮುಗಿದ ಮೇಲೆ.

ಬಳ್ಳಾರಿಯವನಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದಾನದಿಂದ ಕಾಲೇಜು ಕಟ್ಟುವುದನ್ನು ನಾವು ಯಾರಿಂದಲೂ ಕಲಿಯಬೇಕಿಲ್ಲ. ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1916ರಲ್ಲಿ, ಬೆಳಗಾವಿಯ ಕೆ.ಎಲ್.ಇ. ಹುಟ್ಟಿದ ವರ್ಷವೇ. ಆಗ ಬಳ್ಳಾರಿ ಮದ್ರಾಸ್ ಪ್ರಾಂತದ ಮೂಲೆಯಲ್ಲಿದ್ದ ಬರಗಾಲದ ಜಿಲ್ಲೆ. ನಿಜಾಮರ ಕೈಯಲ್ಲಿದ್ದ ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ತೆರೆದದ್ದು 1920ರಲ್ಲಿ. ಇವೆಲ್ಲ ಸರಕಾರದ ಆದೇಶದಿಂದ ಬಂದವಲ್ಲ. ವ್ಯಾಪಾರಿಗಳು, ಜಮೀನಿದ್ದವರು, ಮಠದವರು, ಏನೂ ಇಲ್ಲದವರು, ಎಲ್ಲರೂ ಕೈಲಾದಷ್ಟು ಹಾಕಿ ಎತ್ತಿದ್ದು.

ಆದರೆ ಅವರನ್ನು ಈಗ ಎಷ್ಟು ಜನ ಬಲ್ಲರು? ಕಾಲೇಜುಗಳಿಗೆ ಹೆಸರಾದವರೂ ಈಗ ಬರೀ ಇಂಗ್ಲಿಷ್ ಮೊದಲಕ್ಷರಗಳಾಗಿ ಉಳಿದಿದ್ದಾರೆ. ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ನಮ್ಮ ಬಾಯಲ್ಲಿ ಆರ್‌ವೈಎಂಇಸಿ ಆಗಿದ್ದಾರೆ. ಅಲ್ಲಂ ಸುಮಂಗಳಮ್ಮ ಎಎಸ್‌ಎಂ ಆಗಿದ್ದಾರೆ. ರಾಯಚೂರಿನ ಲಕ್ಷ್ಮೀ ವೆಂಕಟೇಶ ದೇಸಾಯಿ ಎಲ್‌ವಿಡಿ. ಆಟೋದವನಿಗೆ ಹೇಳೋಕೆ ಸಲೀಸು, ನಿಜ. ಮೂರು ವರ್ಷ ಆ ಗೇಟಿನೊಳಗೆ ಓಡಾಡಿದ ಹುಡುಗಿಗೂ ಆ ಹೆಸರಿನವರು ಯಾರು, ಏನು ಮಾಡಿದರು ಅಂತ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ. ಗೋಡೆಯಲ್ಲಿ ದಾನಿಗಳ ಹೆಸರು, ಮೊತ್ತ ಕೆತ್ತಿದ ಕಲ್ಲು ಇರುತ್ತದೆ. ಪ್ರತಿ ಸಲ ಸುಣ್ಣ ಹೊಡೆಯುವಾಗ ಬ್ರಷ್ಷು ಅಂಚಿನ ಮೇಲೂ ಹೋಗಿ, ಕೊನೆಗೆ ಮೊತ್ತ ಮಾತ್ರ ಓದಲು ಬರುತ್ತದೆ, ಕೊಟ್ಟವರ ಹೆಸರು ಕಾಣಿಸುವುದಿಲ್ಲ.

ಇದು ಹೋಗಲಿ. ಹೆಸರು ಮರೆಯುವುದಕ್ಕಿಂತ ದೊಡ್ಡ ಮರೆವು ಇನ್ನೊಂದಿದೆ.

ನಮ್ಮ ಸೋದರಮಾವ ತಮ್ಮ ತಂದೆಯ ಹೆಸರಲ್ಲಿ ನಮ್ಮ ಭಾಗದ ಒಂದು ಕಾಲೇಜಿಗೆ ದತ್ತಿ ಇಟ್ಟಿದ್ದರು. ಕಾಲೇಜಿನ ಹೆಸರು ಬೇಡ. ಕನ್ನಡದಲ್ಲಿ ಹೆಚ್ಚು ಅಂಕ ತೆಗೆದವರಿಗೆ ಬಹುಮಾನ ಕೊಡಲಿ ಅಂತ ಐದು ಸಾವಿರ. ಆಗಿನ ಕಾಲಕ್ಕೆ ದೊಡ್ಡ ದುಡ್ಡು, ಅವರ ಸಂಬಳದ ಹತ್ತು ಪಟ್ಟು. ಇಟ್ಟ ದಿನ ಶಾಲು, ಹಾರ, ಫಲತಾಂಬೂಲ ಎಲ್ಲ ಆಯಿತು, ಫೋಟೋ ಕೂಡ ಮನೆಯಲ್ಲಿದೆ. ಆಮೇಲೆ ಒಂದು ಕಾಗದ ಬರಲಿಲ್ಲ. ರಿಟೈರ್ ಆದ ಮೇಲೆ ಮಾವ ತಾವೇ ಹೋಗಿ ಕೇಳಿದರು. ಗುಮಾಸ್ತ ಒಳ್ಳೆಯವನೇ, ಕುರ್ಚಿ ಕೊಟ್ಟು ಚಹಾ ತರಿಸಿದ. 'ಹಳೇ ಫೈಲು ಸರ್, ಹೊಸ ಬಿಲ್ಡಿಂಗಿಗೆ ಶಿಫ್ಟ್ ಆದಾಗ ಎಲ್ಲೋ ಸೇರ್ಕೊಂಡಿದೆ' ಅಂದ. ಹುಡುಕಿ ಫೋನ್ ಮಾಡ್ತೀನಿ ಅಂದವನು ಮಾಡಲಿಲ್ಲ.

ಫೈಲು ಸಿಕ್ಕಿದ್ದರೂ ಏನಿರುತ್ತಿತ್ತು? ನಮ್ಮ ದತ್ತಿಗಳ ರೋಗವೇ ಇದು. ಅಸಲನ್ನು ಡಿಪಾಸಿಟ್ ಇಡುತ್ತಾರೆ, ಬಂದ ಬಡ್ಡಿಯನ್ನೆಲ್ಲ ಆಯಾ ವರ್ಷವೇ ಖರ್ಚು ಮಾಡುತ್ತಾರೆ. ಐದು ಸಾವಿರ ಐದು ಸಾವಿರವಾಗಿಯೇ ಉಳಿಯುತ್ತದೆ. ಈಗಿನ ಬಡ್ಡಿಗೆ ವರ್ಷಕ್ಕೆ ಮುನ್ನೂರು ಚಿಲ್ಲರೆ. ಚಿನ್ನದ ಪದಕ ಅಂತ ಶುರುವಾಗಿದ್ದು ಬೆಳ್ಳಿ ಲೇಪದ್ದಾಗಿ, ಆಮೇಲೆ ಸ್ಟೀಲ್ ಡಬ್ಬಿಯಾಗಿ, ಕೊನೆಗೆ ಬರೀ ಸರ್ಟಿಫಿಕೇಟ್ ಆಗುತ್ತದೆ. ಯಾರೂ ಕದ್ದಿಲ್ಲ. ಸುಮ್ನೆ ಸವೆದುಹೋಯಿತು.

ಇಲ್ಲಿ ನಮ್ಮ ಆಫೀಸಿನ ಹಿರಿಯರೊಬ್ಬರು ತೀರಿಹೋದ ಹೆಂಡತಿಯ ಹೆಸರಲ್ಲಿ, ಆಕೆ ಓದಿದ ಸಣ್ಣ ಕಾಲೇಜಿನಲ್ಲಿ ನಿಧಿ ಇಟ್ಟಿದ್ದಾರೆ. ದೊಡ್ಡ ಶ್ರೀಮಂತರೇನಲ್ಲ. ಪ್ರತಿ ವರ್ಷ ಅವರಿಗೊಂದು ಪತ್ರ ಬರುತ್ತದೆ, ಒಂದು ಸಲ ನನಗೂ ತೋರಿಸಿದರು. ಒಂದು ಹಾಳೆಯಲ್ಲಿ ಲೆಕ್ಕ: ವರ್ಷದ ಶುರುವಿಗೆ ಇಷ್ಟಿತ್ತು, ಇಷ್ಟು ಬೆಳೆಯಿತು, ಇಷ್ಟು ತೆಗೆದೆವು, ಇಷ್ಟು ಉಳಿದಿದೆ. ಇನ್ನೊಂದು ಹಾಳೆ ನರ್ಸಿಂಗ್ ಓದುವ ಹುಡುಗಿ ಕೈಯಲ್ಲಿ ಬರೆದದ್ದು. ತಾನು ಯಾವ ಊರಿನವಳು, ರಾತ್ರಿ ಪಾಳಿಯ ಕೆಲಸ ಬಿಟ್ಟು ಓದಿಗೆ ಕೂರಲು ಈ ದುಡ್ಡು ಹೇಗೆ ಒದಗಿತು ಅಂತ. ಅಕ್ಷರ ಚೆನ್ನಾಗಿರಲಿಲ್ಲ, ಒಂದೆರಡು ಕಡೆ ಹೊಡೆದು ತಿದ್ದಿದ್ದಳು. ಹಿರಿಯರು ಅಂಥ ಪತ್ರಗಳನ್ನೆಲ್ಲ ಫೈಲ್ ಮಾಡಿಟ್ಟಿದ್ದಾರೆ.

ಲೆಕ್ಕದ ಹಾಳೆಯ ಗುಟ್ಟು ಸರಳ. ನಿಧಿಯಿಂದ ವರ್ಷಕ್ಕೆ ನೂರಕ್ಕೆ ನಾಲ್ಕೈದು ಮಾತ್ರ ತೆಗೆಯುತ್ತಾರೆ. ಅದಕ್ಕಿಂತ ಜಾಸ್ತಿ ಗಳಿಸಿದ್ದು ಅಸಲಿಗೆ ಸೇರುತ್ತದೆ. ಬೆಲೆ ಏರಿದ ಹಾಗೆ ನಿಧಿಯೂ ಏರುತ್ತದೆ. ಪಕ್ಕದ ಕೆಂಟಕಿಯಲ್ಲಿ ಬೆರಿಯಾ ಕಾಲೇಜಿದೆ. ಹೀಗೆ ಕೂಡಿಟ್ಟ ನಿಧಿಯ ಬಲದಿಂದ ನೂರು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಂದ ಬೋಧನಾ ಶುಲ್ಕ ತಗೊಂಡಿಲ್ಲ. ಮಕ್ಕಳೆಲ್ಲ ಕ್ಯಾಂಪಸ್ಸಿನಲ್ಲೇ ಏನಾದರೂ ಕೆಲಸ ಮಾಡುತ್ತಾರೆ.

ಹಾಗಂತ ಅಮೆರಿಕದ್ದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಹೆಸರು ಮಾರಾಟದ ಸರಕು. ಇಷ್ಟು ಕೊಟ್ಟರೆ ಬೆಂಚು, ಇಷ್ಟು ಕೊಟ್ಟರೆ ಕ್ಲಾಸ್‌ರೂಮು, ಇಷ್ಟು ಕೊಟ್ಟರೆ ಇಡೀ ಕಟ್ಟಡ. ಶುರುವಿನಿಂದಲೂ ಹೀಗೇ. 1718ರಲ್ಲಿ ಎಲಿಹು ಯೇಲ್ ಎಂಬುವನು ಇಲ್ಲಿನ ಒಂದು ಕಾಲೇಜಿಗೆ ಒಂಬತ್ತು ಮೂಟೆ ಸರಕು, 417 ಪುಸ್ತಕ, ಒಂದು ರಾಜನ ಚಿತ್ರ ಕಳಿಸಿದ. ಸರಕು ಮಾರಿದಾಗ ಬಂದದ್ದು 562 ಪೌಂಡು. ಅಷ್ಟಕ್ಕೇ ಇಡೀ ಕಾಲೇಜು ಅವನ ಹೆಸರಿಗಾಯಿತು, ಅದೇ ಈಗಿನ ಯೇಲ್ ವಿಶ್ವವಿದ್ಯಾಲಯ. ಅವನು ದುಡ್ಡು ಮಾಡಿದ್ದು ಎಲ್ಲಿ? ಮದ್ರಾಸಿನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿ. ಮುಂದೆ ಬಳ್ಳಾರಿಯಿಂದ ಕಂದಾಯ ಎತ್ತಿದ್ದೂ ಅದೇ ಮದ್ರಾಸು. ಇನ್ನು ಆಕ್ಸಿಕಾಂಟಿನ್ ಎಂಬ ಚಟ ಹಿಡಿಸುವ ನೋವಿನ ಗುಳಿಗೆ ಮಾರಿ ಶ್ರೀಮಂತರಾದ ಸ್ಯಾಕ್ಲರ್ ಮನೆತನದ ಹೆಸರನ್ನು ಟಫ್ಟ್ಸ್ ವಿಶ್ವವಿದ್ಯಾಲಯ 2019ರಲ್ಲಿ ತನ್ನ ವೈದ್ಯಕೀಯ ಕ್ಯಾಂಪಸ್ಸಿನಿಂದ ಕಿತ್ತುಹಾಕಿತು. ಸಂಜೆ ಊಟಕ್ಕೆ ಕೂತಾಗಲೇ ಕಾಲೇಜಿನಿಂದ ದೇಣಿಗೆ ಕೇಳುವ ಫೋನು ಬರುತ್ತದೆ, ಅದು ಬೇರೆ ಕಿರಿಕಿರಿ.

ಇಲ್ಲಿಯವರೇ ಕೆಲವರು ಈ ಹೆಸರಿನ ಚಾಳಿಗೆ ಬೆನ್ನು ಹಾಕಿದ್ದಾರೆ. ಡ್ಯೂಟಿ ಫ್ರೀ ಅಂಗಡಿಗಳಿಂದ ಶ್ರೀಮಂತನಾದ ಚಕ್ ಫೀನಿ ತಾನು ಓದಿದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ನೂರು ಕೋಟಿ ಡಾಲರಿನ ಹತ್ತಿರ ಕೊಟ್ಟ. ಅವನ ಹೆಸರು ಒಂದು ಕಟ್ಟಡದ ಮೇಲೂ ಬರಲಿಲ್ಲ, ಬರೆಸಬಾರದು ಅನ್ನುವುದೇ ಅವನ ಷರತ್ತು. 2024ರಲ್ಲಿ ರೂತ್ ಗಾಟ್ಸ್‌ಮನ್ ಎಂಬ 93ರ ಅಜ್ಜಿ, ತಾನು ಪಾಠ ಮಾಡಿದ್ದ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿಗೆ ನೂರು ಕೋಟಿ ಡಾಲರ್ ಕೊಟ್ಟರು. ಇನ್ನು ಮುಂದೆ ಅಲ್ಲಿ ಯಾರಿಗೂ ಬೋಧನಾ ಶುಲ್ಕವಿಲ್ಲ. ಕಾಲೇಜಿಗಿರುವ ಐನ್‌ಸ್ಟೈನ್ ಹೆಸರು ಬದಲಿಸಬೇಡಿ ಅಂತ ಅವರೇ ಹೇಳಿದರು.

ಇದನ್ನು ಓದಿದಾಗ ನನಗೆ ಕೊಪ್ಪಳ ನೆನಪಾಯಿತು. ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಯವರು ಟ್ರ್ಯಾಕ್ಟರ್, ಚಕ್ಕಡಿ ತುಂಬಾ ಜೋಳದ ರೊಟ್ಟಿ, ಮಾದಲಿ ತಂದು ದಾಸೋಹಕ್ಕೆ ಸುರಿಯುತ್ತಾರೆ. ಯಾವ ರೊಟ್ಟಿ ಯಾರ ಮನೆಯದು ಅಂತ ಯಾರು ಕೇಳುತ್ತಾರೆ? 2022ರಲ್ಲಿ ಅಲ್ಲಿನ ಸ್ವಾಮೀಜಿ 5 ಸಾವಿರ ಮಕ್ಕಳ ಹಾಸ್ಟೆಲ್ ಕಟ್ಟುವ ಮಾತಾಡುತ್ತಾ ವೇದಿಕೆಯಲ್ಲೇ ಗದ್ಗದಿತರಾದಾಗ, ಆ ವಿಡಿಯೋ ನಮ್ಮವರ ಮೊಬೈಲುಗಳಲ್ಲೆಲ್ಲ ಓಡಾಡಿತು. ನೆರವು ಹರಿದುಬಂತು. ರೊಟ್ಟಿ ಕೊಡುವವಳು ಮೇಲೂ ಅಲ್ಲ, ಉಣ್ಣುವವನು ಕೆಳಗೂ ಅಲ್ಲ. ಈ ಗುಣ ನನಗೆ ಇಲ್ಲಿನ ಭರ್ಜರಿ ಡಿನ್ನರುಗಳಲ್ಲಿ ಕಂಡಿಲ್ಲ.

ಆದರೆ ರೊಟ್ಟಿ ಅವತ್ತೇ ಖಾಲಿಯಾಗುತ್ತದೆ, ಕಣ್ಣಮುಂದೆಯೇ ಲೆಕ್ಕ ತೀರುತ್ತದೆ. ಕಾಲೇಜಿಗೆ ಕೊಟ್ಟದ್ದು ಐವತ್ತು ವರ್ಷ ಕೆಲಸ ಮಾಡಬೇಕು. ಅಲ್ಲಿ ನಂಬಿಕೆಯೊಂದೇ ಸಾಲದು.

ನಂಬಿಕೆ ಕೆಟ್ಟದ್ದಕ್ಕೆ ಕಾರಣವೂ ಇದೆ. ನಮ್ಮ ರಾಜ್ಯದಲ್ಲಿ ಕಾಲೇಜಿಗೆ ದುಡ್ಡು ಅಂದರೆ ಸೀಟಿಗೆ ಕೊಟ್ಟದ್ದು ಅಂತಲೇ ಜನ ತಿಳಿಯುತ್ತಾರೆ. ಕ್ಯಾಪಿಟೇಷನ್ ಶುಲ್ಕ ನಿಲ್ಲಿಸಲು 1984ರಲ್ಲೇ ಕಾನೂನು ಬಂತು. ಆಮೇಲೂ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2 ಸಾವಿರ, ಹೊರರಾಜ್ಯದವರಿಗೆ 60 ಸಾವಿರ ಇತ್ತು. ಅದನ್ನು ಪ್ರಶ್ನಿಸಿ ಹೊರರಾಜ್ಯದ ವಿದ್ಯಾರ್ಥಿನಿ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋಗಿ 1992ರಲ್ಲಿ ಗೆದ್ದರು. ಅಪ್ಪ ಹೊಲ ಮಾರಿ ಸೀಟು ಕೊಡಿಸಿದ ಮೇಲೆ, ಮಗ ಇಪ್ಪತ್ತು ವರ್ಷ ಬಿಟ್ಟು ಅದೇ ಕಾಲೇಜಿಗೆ ಯಾಕೆ ದೇಣಿಗೆ ಕೊಟ್ಟಾನು? 'ಒಮ್ಮೆ ಕೊಟ್ಟಾಗೇದ ಬಿಡಪಾ' ಅಂತಾನೆ. ತಪ್ಪಿಲ್ಲ ಅವನದು.

ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡನ್ನು ಸಾಮಾಜಿಕ ಕೆಲಸಕ್ಕೆ ಇಡಬೇಕೆಂಬ 2013ರ ಕಾನೂನಿನಿಂದ ಬಂದ ದುಡ್ಡಿಗೂ ನಾವು ಶಾಲು ಹೊದಿಸುತ್ತೇವೆ. ಅದು ಕಟ್ಟಲೇಬೇಕಾದ ದುಡ್ಡು ಸ್ವಾಮಿ, ರಸೀದಿ ಸಾಕು.

ಲೆಕ್ಕ ಕೇಳುವುದು ಪರದೇಶದ ಬುದ್ಧಿ ಅನ್ನುವವರಿಗೆ ನಮ್ಮೂರ ಸುತ್ತಲಿನ ಶಾಸನಗಳನ್ನು ತೋರಿಸಬೇಕು. ಮೇಲೆ ಸೂರ್ಯ, ಚಂದ್ರ, ಆಕಳು, ಕರು. ಕೆಳಗೆ ಯಾರು ಕೊಟ್ಟರು, ಎಷ್ಟು ಮತ್ತರು ಹೊಲ, ಗಡಿ ಎಲ್ಲಿಂದ ಎಲ್ಲಿಗೆ, ಯಾವ ಖರ್ಚಿಗೆ ಎಷ್ಟು. ಕೊನೆಗೆ ಶಾಪ: ಈ ದಾನ ಕಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳವಾಗಿ ಹುಟ್ಟಲಿ. ಜೊತೆಗೆ ಇನ್ನೊಂದು ಶ್ಲೋಕವೂ ಅಲ್ಲಲ್ಲಿ ಬರುತ್ತದೆ, 'ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋನುಪಾಲನಂ'. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದೇ ಹೆಚ್ಚು ಅಂತ. ಒಂದು ಕಲ್ಲಿನ ಮೇಲೆ ದಾನಿಯ ಹೆಸರು, ಖರ್ಚಿನ ಲೆಕ್ಕ, ಆಡಿಟರ್‌ನಂಥ ಬೆದರಿಕೆ ಮೂರೂ ಇದ್ದವು!

ವಿಜಯಪುರ ಜಿಲ್ಲೆಯ ಸಾಲೊಟಗಿಯಲ್ಲಿ 945ರ ಶಾಸನವಿದೆ. ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ವಿದ್ಯಾಶಾಲೆ ಕಟ್ಟಿಸಿದ್ದ. ಬೇರೆ ಬೇರೆ ಸೀಮೆಯಿಂದ ಬಂದ ಮಕ್ಕಳಿಗೆ 27 ಮನೆ. ದೀಪದ ಎಣ್ಣೆಗೆ ಅಂತಲೇ ಬೇರೆ ಹೊಲ. ಇದರ ಜೊತೆ ಊರವರೂ ಒಂದು ಕಟ್ಟಳೆ ಹಾಕಿಕೊಂಡಿದ್ದರು. ಮದುವೆಯಾದರೆ ಶಾಲೆಗೆ ಇಷ್ಟು, ಉಪನಯನವಾದರೆ ಅದರ ಅರ್ಧ. ಮಂತ್ರಿಯ ದೊಡ್ಡ ದಾನದ ಪಕ್ಕದಲ್ಲೇ ಮದುಮಗನ ಅಪ್ಪನ ಸಣ್ಣ ದಾನಕ್ಕೂ ಕಲ್ಲಿನಲ್ಲಿ ಜಾಗ ಸಿಕ್ಕಿತು.

ಬಳ್ಳಾರಿಯ ಮದುವೆಗಳನ್ನು ನೋಡಿದವರು ಈ ಕಟ್ಟಳೆ ಈಗ ಬಂದರೆ ಎಷ್ಟು ಕಾಲೇಜು ನಡೆಯಬಹುದು ಅಂತ ತಾವೇ ಲೆಕ್ಕ ಹಾಕಿಕೊಳ್ಳಲಿ.

ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಇದನ್ನೇ ಎತ್ತಿದೆ. ಪರೀಕ್ಷಾ ಶುಲ್ಕ ಕಟ್ಟಲಾಗದ ಮಕ್ಕಳಿಗೆ ಒಂದು ನಿಧಿ ಮಾಡೋಣ, ಬಂದ ಬಡ್ಡಿಯಲ್ಲಿ ಅರ್ಧ ಅಸಲಿಗೇ ಸೇರಲಿ ಅಂದೆ. ಮೊದಲು ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿದರು. ಆಮೇಲೆ ಸಿರುಗುಪ್ಪದ ಗೆಳೆಯ ಕೇಳಿದ: 'ರೊಕ್ಕ ಕೊಡ್ತೀವಿ, ಲೆಕ್ಕ ಯಾರು ಬರೀತಾರಪಾ?' ಗ್ರಾಮೀಣ ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು ಒಪ್ಪಿಕೊಂಡರು. ಪ್ರತಿ ಜೂನ್‌ನಲ್ಲಿ ಒಂದು ಹಾಳೆ ಕಾಲೇಜಿನ ನೋಟಿಸ್ ಬೋರ್ಡಿಗೆ, ಒಂದು ಪ್ರತಿ ಕೊಟ್ಟವರಿಗೆಲ್ಲ. ಮಕ್ಕಳ ಹೆಸರು ಬೋರ್ಡಿನಲ್ಲಿ ಹಾಕುವುದಿಲ್ಲ, ಎಷ್ಟು ಜನ ಅಂತ ಮಾತ್ರ. ಪ್ರಿನ್ಸಿಪಾಲರೂ ಹೂಂ ಅಂದಿದ್ದಾರೆ. ಉದ್ಘಾಟನೆಗೆ ಯಾರನ್ನು ಕರೆಯೋಣ, ಎಷ್ಟು ಶಾಲು ತರಿಸಲಿ ಅಂತ ಮಾತ್ರ ಇನ್ನೂ ಕೇಳುತ್ತಿದ್ದಾರೆ.