ಸ್ಪಷ್ಟನೆ: ಡಬ್ಲ್ಯುಎಸ್ಎಂ ಹುಟ್ಟಿದ್ದು ಕಂಟ್ರಿ ಸಂಗೀತಕ್ಕಾಗಿ ಅಲ್ಲ

ಅಮೆರಿಕದ ನ್ಯಾಶ್‌ವಿಲ್‌ನ ಡಬ್ಲ್ಯುಎಸ್ಎಂ ಬಾನುಲಿ ಕೇಂದ್ರವು ಕಂಟ್ರಿ ಸಂಗೀತಕ್ಕೆಂದೇ (ಅಮೆರಿಕದ ಹಳ್ಳಿಗಾಡಿನ ಜನಪ್ರಿಯ ಸಂಗೀತ) ಸ್ಥಾಪನೆಯಾಯಿತು, ಅದರ ಪ್ರಸಿದ್ಧ ಕಂಟ್ರಿ ಸಂಗೀತ ಕಾರ್ಯಕ್ರಮ ‘ಗ್ರ್ಯಾಂಡ್ ಓಲ್ ಆಪ್ರಿ’ ಮೊದಲ ದಿನದಿಂದಲೂ ಅದೇ ಹೆಸರಿನಲ್ಲಿತ್ತು ಎಂಬ ಮಾತು ಹರಿದಾಡುತ್ತಿದೆ, ಎರಡೂ ಸರಿಯಲ್ಲ. 1925ರ ಅಕ್ಟೋಬರ್ 5ರಂದು ಈ ಕೇಂದ್ರವನ್ನು ಆರಂಭಿಸಿದ್ದು ಒಂದು ವಿಮಾ ಕಂಪನಿ. ‘ಲಕ್ಷಾಂತರ ಜನರಿಗೆ ನಾವು ರಕ್ಷೆ’ ಎಂಬರ್ಥದ ಅದರ ಇಂಗ್ಲಿಷ್ ಘೋಷವಾಕ್ಯ ‘ವಿ ಶೀಲ್ಡ್ ಮಿಲಿಯನ್ಸ್’ನ (We Shield Millions) ಮೊದಲಕ್ಷರಗಳೇ ಕೇಂದ್ರದ ಹೆಸರಾದವು. ಶಾಸ್ತ್ರೀಯ ಸಂಗೀತವೂ ಸೇರಿದಂತೆ ಬಗೆಬಗೆಯ ಕಾರ್ಯಕ್ರಮಗಳು ಅಲ್ಲಿ ಪ್ರಸಾರವಾಗುತ್ತಿದ್ದವು. ಅದೇ ವರ್ಷದ ನವೆಂಬರ್ 28ರಂದು, ಷಿಕಾಗೋದ ಕೇಂದ್ರವೊಂದರಿಂದ ಬಂದಿದ್ದ ನಿರೂಪಕ ಜಾರ್ಜ್ ಹೇ ಅವರು ವೃದ್ಧ ಪಿಟೀಲುವಾದಕ ಅಂಕಲ್ ಜಿಮ್ಮಿ ಥಾಂಪ್ಸನ್ ಅವರನ್ನು ನುಡಿಸಲು ಕೂರಿಸಿದರು. ಆ ಕಾರ್ಯಕ್ರಮ ಮುಂದೆ ‘ಬಾರ್ನ್ ಡ್ಯಾನ್ಸ್’ ಎಂದೇ ಪರಿಚಿತವಾಯಿತು. ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಅದರ ಈಗಿನ ಹೆಸರು 1927ರದು: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮ ಮುಗಿದೊಡನೆ ಹೇ ಅವರು ‘ಗ್ರ್ಯಾಂಡ್ ಆಪೆರಾ’ (ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನಾಟಕ) ಎಂಬುದನ್ನು ಹಳ್ಳಿಯ ಉಚ್ಚಾರಣೆಗೆ ತಿರುಚಿ ಆಡಿದ ತಮಾಷೆಯೇ, ವಿಚಿತ್ರವೆನಿಸಿದರೂ, ಶಾಶ್ವತವಾಗಿ ಉಳಿಯಿತು.